ಮನೆ ಬೆಚ್ಚಗೆ ಮಾಡಿದವರು

ಆತಗೂರು ಹೋಬಳಿಯ ಕಳ್ಳಿದೊಡ್ಡಿಯಲ್ಲಿ ಇಲಿ ಸತ್ತು ಬಿದ್ದರೆ ಗೌಡರ ಕೇರಿಯವರು ಊರು ಬಿಡುತ್ತಿದ್ದರು. ಹೊಲಗೇರಿಯವರು ಊರೊಳಕ್ಕೆ ಬರುತ್ತಿದ್ದರು. ಇದೇನು ತಲೆಕೆಳಗಾದ ಲೆಕ್ಕ ಎಂದು ಯಾರಾದರೂ ಕೇಳಬಹುದು. ಕೇಳಿದವರಿಗೆ ಊರ ಹಿರಿಯರು ಬಲು ಸಮಾಧಾನದಿಂದ ತಿಳಿಹೇಳುತ್ತಿದ್ದರು. ಪ್ಲೇಗು ಬಂದಾಗ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದೇನೋ ಸರಿ. ಆದರೆ ಬೇನೆ ಊರು ಬಿಟ್ಟು ಹೋಯಿತೋ, ಇನ್ನೂ ಗೋಡೆಯ ಸಂದಿಯಲ್ಲೇ ಕೂತಿದೆಯೋ ಗೊತ್ತಾಗುವುದು ಹೇಗೆ? ಯಾರಾದರೂ ಹೋಗಿ ಮಲಗಿ ನೋಡಬೇಕು. ಮಲಗಿದವರು ಬದುಕಿದರೆ ಬೇನೆ ಹೋಗಿದೆ. ಸತ್ತರೆ ಇನ್ನೂ ಇದೆ. ಅಷ್ಟೆ.

ಮಲಗುವವರು ಯಾರು ಎಂದು ಮಾತ್ರ ಕೇಳುವ ಹಾಗಿರಲಿಲ್ಲ. ಅದು ಅಪ್ಪ ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿ ಹೋಗಿತ್ತು. ಆ ಚಾಕರಿಗೆ ಒಂದು ಒಳ್ಳೆಯ ಹೆಸರೂ ಇತ್ತು. ಮನೆ ಬೆಚ್ಚಗೆ ಮಾಡುವುದು. ಬಿಟ್ಟುಹೋದ ಮನೆ ತಣ್ಣಗಾಗಿರುತ್ತದಲ್ಲ, ಅದಕ್ಕೆ. ಹೊಲಗೇರಿಯ ಒಂದು ಸಂಸಾರ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಪಟೇಲರ ಮನೆಯಲ್ಲಿ ಮಲಗಿ ಎದ್ದು ಬೆಚ್ಚಗೆ ಮಾಡಿಕೊಡಬೇಕು. ಗಂಡು, ಹೆಣ್ಣು, ಕೂಸು ಮೂರೂ ಇರಬೇಕು. ಬೇನೆ ಒಬ್ಬರನ್ನು ಬಿಟ್ಟು ಒಬ್ಬರನ್ನು ಹಿಡಿಯುತ್ತದೆ, ಮೂರು ಥರದವರನ್ನೂ ಇಟ್ಟು ನೋಡಿದರೆ ಮೋಸವಿಲ್ಲ ಎಂದು ಹಿಂದಿನ ಪಟೇಲರೊಬ್ಬರು ಕೂತು ಯೋಚಿಸಿ ಮಾಡಿದ ಕಟ್ಟಳೆ. ಬಿತ್ತನೆ ರಾಗಿಯನ್ನು ಆರಿಸುವಾಗಲೂ ಆ ಪುಣ್ಯಾತ್ಮರು ಇಷ್ಟು ಯೋಚನೆ ಮಾಡುತ್ತಿರಲಿಲ್ಲ.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಏರಿಸಿದ ವರ್ಷದ ಚಳಿಗಾಲ. ಆ ಸಲದ ಪಾಳಿ ಮಂಚಮ್ಮನ ಮನೆಗೆ ಬಂತು.

ಬಂತು ಅಂದರೆ, ತಂದವನು ಅವಳ ಮಾವ ಚಿಕ್ಕಬೋರಯ್ಯನೇ. ಅವನು ಊರಿನ ಕುಳವಾಡಿ. ಸತ್ತವರ ಸುದ್ದಿ ಒಯ್ಯುವುದು, ಗುಂಡಿ ತೋಡುವುದು, ಪಟೇಲರು ಕೂಗಿದ ಕಡೆ ಓಡುವುದು ಅವನ ಹುಟ್ಟಿನ ಕೆಲಸ. ಅದಕ್ಕೆ ಪ್ರತಿಫಲವಾಗಿ ಸುಗ್ಗಿಯಲ್ಲಿ ಗೌಡರು ರಾಶಿ ತುಂಬಿಕೊಂಡು ಹೋದ ಮೇಲೆ ಕಣ ಗುಡಿಸಿ ಸಿಕ್ಕಿದ್ದು ಕೇರಿಯ ಪಾಲು. ಕಲ್ಲು ಮಣ್ಣು ಬೆರೆತ ಆ ರಾಗಿಯನ್ನು ಕೇರಿಯ ಹೆಂಗಸರು ಕಣ್ಣು ನೋಯುವವರೆಗೆ ಆರಿಸಿ ಬೀಸುತ್ತಿದ್ದರು.

"ನಾವ್ ಓಗಕಿಲ್ಲ ಮಾವ" ಎಂದಳು ಮಂಚಮ್ಮ. "ಇಲಿ ಬಿದ್ದ ಮನೇಲಿ ಮಗೀನ ಕಟ್ಕಂಡು ಎಂಗ್ ಮಲಗ್ಲಿ?"

"ನಿಮ್ಮತ್ತೇನೂ ಮಲಗಿದ್ಲು ಕಣವ್ವ. ನಾನೂ ಮಲಗಿದ್ದೆ. ಸತ್ತೋದ್ವಾ?"

"ಅತ್ತೆ ಸತ್ತೋದ್ಲಲ್ಲ."

"ಅದು ಆಮ್ಯಾಕೆ ಸತ್ತಿದ್ದು."

"ಎಷ್ಟ್ ಆಮ್ಯಾಕೆ?"

ಮುದುಕ ಹೆಗಲ ಮೇಲಿನ ಕಂಬಳಿಯನ್ನು ಎಳೆದುಕೊಂಡ. ಮಂಚಮ್ಮನ ಗಂಡ ಜವರಯ್ಯ ಕಬ್ಬು ಕಡಿಯುವ ಆಳು. ಹಗಲೆಲ್ಲ ಕಡಿದು, ಹೊರೆ ಕಟ್ಟಿ, ಗಾಡಿಗೆ ಹೇರಿ ಅವನ ಕತ್ತು ಎತ್ತಿನ ಕತ್ತಿನಂತೆ ದಡ್ಡುಗಟ್ಟಿತ್ತು. ಅವನು ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ಓಗ್ಬುಟ್ ಬರಾನ ಬುಡು" ಎಂದ. "ಓಗ್ನಿಲ್ಲ ಅಂದ್ರೆ ಕಣಕ್ಕೆ ಬುಟ್ಕಳಕಿಲ್ಲ. ಕೇರಿಯೋರೆಲ್ಲ ನಮ್ ಮಾನ ಕಳೀತಾರೆ."

ಗೌಡರ ಗುಡಿಸಲುಗಳು ಊರಾಚೆ ಎತ್ತರದ ಹೊಲದಲ್ಲಿದ್ದವು. ಪಟೇಲ ಪುಟ್ಟಂಕೇಗೌಡರು ಹೊರಸಿನ ಮೇಲೆ ಕೂತಿದ್ದರು. ಅವರ ತೋಳಿನ ಮೇಲೆ ಸೂಜಿ ಹಾಕಿಸಿಕೊಂಡ ಗುರುತು ಇನ್ನೂ ಊದಿಕೊಂಡಿತ್ತು. ಮದ್ದೂರಿನಿಂದ ಸೂಜಿ ಡಾಕ್ಟರು ಒಂದು ಸಲ ಬಂದು ಹೋಗಿದ್ದರು. ಗೌಡರ ಮನೆಯ ಕೈಗೂಸುಗಳಿಗೂ ಸೂಜಿಯಾಗಿತ್ತು. ಕೇರಿಯ ಸರದಿ ಬರುವಷ್ಟರಲ್ಲಿ ಔಷಧಿ ಮುಗಿದಿತ್ತು. ಅದು ಯಾವಾಗಲೂ ಕೇರಿಯ ಸರದಿ ಬರುವಷ್ಟರಲ್ಲೇ ಮುಗಿಯುತ್ತದೆ.

"ಎಲ್ಲಾ ಕೋಣೇಲೂ ಮಲಗ್ಬೇಕು ಕಣ್ಲಾ ಜವರ" ಎಂದರು ಪಟೇಲರು. "ಒಂದೇ ಮೂಲೇಲಿ ಬಿದ್ದಿದ್ದು ಎದ್ ಬಂದು ಬೆಚ್ಚಗಾಯ್ತು ಬುದ್ಧಿ ಅಂದ್ರೆ ನಾನ್ ಒಪ್ಪಕಿಲ್ಲ. ನಡುಮನೆ, ಪಡಸಾಲೆ, ಅಟ್ಟ, ಎಲ್ಲಾ ಕಡೇನೂ."

"ದೇವ್ರ ಕೋಣೆ ಒಂದ್ ಬುಟ್ಟು" ಎಂದು ಒಳಗಿನಿಂದ ಪಟೇಲರ ಹೆಂಡತಿ ಶಿವನಂಜಮ್ಮ ಕೂಗಿ ಹೇಳಿದಳು. "ಅದರ ಒಸ್ತಿಲ ಮೇಲೆ ನೆಳ್ಳೂ ಬೀಳಿಸ್ಬ್ಯಾಡ್ರಿ, ಏಳಿವ್ನಿ."

ದೇವರಿಗೆ ಪ್ಲೇಗು ತಾಕುವುದಿಲ್ಲವಂತೆ. ಹೊಲೆಯರು ತಾಕುತ್ತಾರಂತೆ.

ಪಟೇಲರ ಮಗ ಲಿಂಗರಾಜು ಮಂಡ್ಯದಲ್ಲಿ ಓದಿದವನು. ಶಿವಪುರಕ್ಕೆ ಹೋಗಿ ಬಂದ ಮೇಲೆ ಗಾಂಧಿ ಟೋಪಿಯನ್ನು ತಲೆಯಿಂದ ಇಳಿಸಿರಲಿಲ್ಲ. ಅವನು ಮುಂದೆ ಬಂದು, ಆದರೆ ತೀರ ಮುಂದೆ ಬರದೆ, ಒಳ್ಳೆಯ ಮಾತನ್ನಾಡಿದ. "ನೀವು ಈಗ ಹರಿಜನರು ಕಣಯ್ಯ. ದೇವರ ಮಕ್ಕಳು. ಇದನ್ನು ಚಾಕರಿ ಅಂದ್ಕೋಬೇಡಿ, ಸೇವೆ ಅಂದ್ಕೊಳ್ಳಿ." ಜವರಯ್ಯ ಕೈಮುಗಿದ. ಮಂಚಮ್ಮ ಮಗಳ ಕೈಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು.

ಪಟೇಲರ ಮನೆ ಊರ ಬಾಗಿಲಲ್ಲೇ ಮೊದಲನೆಯದು. ಊರ ಬಾಗಿಲ ಹುಣಿಸೆಮರದ ಹತ್ತಿರ ಇಬ್ಬರು ಹುಡುಗರನ್ನು ಕವಣೆ ಕೊಟ್ಟು ಕೂರಿಸಿದ್ದರು. ರಾಗಿ ತೆನೆಗೆ ಬರುವ ಹಕ್ಕಿ ಓಡಿಸುವ ಕವಣೆ. ಒಳಗೆ ಹೋದವರು ಹುಣ್ಣಿಮೆಗೆ ಮುಂಚೆ ಹೊರಗೆ ಬರಬಾರದು. ದಿನಾ ಬೆಳಿಗ್ಗೆ ಕುಳವಾಡಿ ಆ ಮರದಡಿ ನಿಂತು ಮೂವರ ಹೆಸರನ್ನೂ ಕೂಗಬೇಕು. ಒಳಗಿನವರು ಓಗೊಡಬೇಕು. ಅದನ್ನು ಅವನು ಓಡಿಹೋಗಿ ಪಟೇಲರಿಗೆ ಒಪ್ಪಿಸಬೇಕು. ಒಳಗೆ ಹೋಗಿ ಕಣ್ಣಾರೆ ನೋಡುವ ಕೆಲಸ ಯಾರದ್ದೂ ಅಲ್ಲ. ದನಿ ಕೇಳಿಸಿದರೆ ಜೀವ ಇದೆ ಅಂತ ಲೆಕ್ಕ.

ಮಂಚಮ್ಮ ಮದುವೆಯಾಗಿ ಬಂದಾಗಿನಿಂದ ಆ ಮನೆಯ ಹಿತ್ತಲಿನ ಸಗಣಿ ಬಾಚಿದವಳು. ಹಿತ್ತಲ ಗೋಡೆಯಾಚೆ ಮನೆ ಹೇಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಈಗ ಮುಂಬಾಗಿಲಿನಿಂದಲೇ ಹೋದಳು. ನಾಲ್ಕು ಕಡೆ ಕಂಬದ ಪಡಸಾಲೆ. ನಡುವೆ ಆಕಾಶಕ್ಕೆ ತೆರೆದುಕೊಂಡ ತೊಟ್ಟಿ, ಅದಕ್ಕೆ ಚಪ್ಪಡಿ ಕಲ್ಲಿನ ಹಾಸು. ತೊಟ್ಟಿಗೆ ನೇರವಾಗಿ ದೇವರ ಕೋಣೆಯ ಹಿತ್ತಾಳೆ ಚಿಲಕದ ಬಾಗಿಲು. ಮಗಳು ಮುದ್ದಮ್ಮ ಒಂದು ಕಂಬವನ್ನು ತಬ್ಬಿ ಸುತ್ತಿದಳು, ಓಡಿ ಹೋಗಿ ಇನ್ನೊಂದನ್ನು ತಬ್ಬಿ ಸುತ್ತಿದಳು. ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಅಷ್ಟು ದೊಡ್ಡ ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ.

ಮೊದಲು ಮಾಡಿದ ಕೆಲಸ ಇಲಿ ಆರಿಸಿದ್ದು. ರಾಗಿ ತುಂಬುವ ವಾಡೆಗಳ ಹಿಂದೆ, ಒಲೆಯ ಬೂದಿಯಲ್ಲಿ, ಶಿವನಂಜಮ್ಮನ ಮಂಚದ ಕೆಳಗೆ ಇಲಿಗಳು ಊದಿಕೊಂಡು ಬಿದ್ದಿದ್ದವು. ಮುಟ್ಟಿದರೆ ಕೂದಲು ಕೈಗೆ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬರಿಗೈಯಲ್ಲಿ ಎತ್ತಿ ಮಂಕರಿಗೆ ತುಂಬಿದರು. ಹಿತ್ತಲಿಗೆ ಒಯ್ದು ಸೌದೆ ಹಾಕಿ ಸುಟ್ಟರು. ಆ ವಾಸನೆ ಮಂಚಮ್ಮನ ಗಂಟಲಲ್ಲಿ ಕೂತುಬಿಟ್ಟಿತು. ಜವರಯ್ಯ ಮಾತ್ರ ನಡುಮನೆಯ ತೊಲೆ ನೋಡುತ್ತ, "ನೋಡಮ್ಮಿ, ಈ ತೊಲೆ ಒತ್ಕಂಡ್ ಬಂದೋನು ನಮ್ ತಾತ್ನಂತೆ" ಎಂದ. ಅದರಲ್ಲಿ ಅವನಿಗೆ ಒಂದು ಹೆಮ್ಮೆ ಇತ್ತು. ಮಂಚಮ್ಮನಿಗೆ ಅದನ್ನು ಕೇಳಿ ಅಳು ಬಂತು.

"ಜವರಾ?" ಎಂದು ಬೆಳಿಗ್ಗೆ ಮರದಡಿಯಿಂದ ಮುದುಕ ಕೂಗುತ್ತಿದ್ದ. "ಇವ್ನಿ ಕಣಪ್ಪೋ." "ಮಂಚೀ?" "ಇವ್ನಿ ಮಾವ." "ಮುದ್ದೀ?" "ಇವ್ನಿ ತಾತಾ!" ಮಗುವಿಗೆ ಅದೊಂದು ಆಟವಾಗಿತ್ತು. ತಾತ ಕೂಗುವುದಕ್ಕೆ ಮುಂಚೆಯೇ ಎದ್ದು ಬಾಗಿಲ ಹಿಂದೆ ಕಾದು ಕೂರುತ್ತಿದ್ದಳು.

ಜವರಯ್ಯನಿಗೆ ಮೊದಲು ಚಳಿ ಬಂತು, ಆಮೇಲೆ ಜ್ವರ. ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಕಾಲು ಮಡಚಲಾಗದೆ ಒಂದೇ ಮಗ್ಗುಲಿಗೆ ಬಿದ್ದುಕೊಂಡ. ಕಣ್ಣು ಕೆಂಡವಾಯಿತು. ಬಾಯಿಗೆ ಬಂದದ್ದನ್ನೆಲ್ಲ ಬಡಬಡಿಸಿದ. "ಗಾಡಿ ತುಂಬ್ತು ಬುದ್ಧಿ, ಇನ್ನು ಇಡ್ಸಕಿಲ್ಲ ಬುದ್ಧಿ" ಅನ್ನುತ್ತಿದ್ದ. ಸಾಯುವಾಗಲೂ ಅವನು ಕಬ್ಬು ಹೇರುತ್ತಲೇ ಇದ್ದ. ನಡುಮನೆಯಲ್ಲಿ, ಅಜ್ಜ ಹೊತ್ತು ತಂದ ತೊಲೆಯ ಕೆಳಗೆ, ಬಿಸಿಲು ಏರುವ ಹೊತ್ತಿಗೆ ಸತ್ತ. ಅವನ ಕೈಯನ್ನು ಮಂಚಮ್ಮ ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ಎದ್ದು ಬಾಗಿಲಿಗೆ ಬಂದು ಕೂಗಿ ಹೇಳಿದಳು. "ಮಾವಾ, ನಿನ್ ಮಗ ಓದ."

ಮುದುಕ ಮರದಡಿ ಕುಸಿದು ಕೂತ. ಕವಣೆ ಹುಡುಗರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದ. ಎದ್ದವನು ಮಗನ ಕಡೆ ಬರಲಿಲ್ಲ. ಪಟೇಲರ ಗುಡಿಸಲ ಕಡೆ ಹೋದ. ಸತ್ತ ಸುದ್ದಿ ಒಯ್ಯುವುದು ಅವನ ಕೆಲಸ ತಾನೆ.

ತಿರುಗಿ ಬಂದು ಮರದಡಿ ನಿಂತ.

"ಮಂಚೀ. ಯಾವ ಕೋಣೇಲಿ ಓದ ಅಂತ ಗೌಡ್ರು ಕೇಳ್ತಾವ್ರೆ."

ಮಂಚಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಡುಮನೇಲಿ" ಎಂದಳು. "ಎಣ ಒತ್ಕಂಡ್ ಓಗಕ್ಕೆ ಕೇರಿಯಿಂದ ನಾಕ್ ಜನ ಕಳ್ಸು ಮಾವ."

"ಎಣ ಈ ದಾರೀಲಿ ಬರ್ಕೂಡದಂತೆ ಕಣವ್ವ. ಗಾಳಿ ಗುಡ್ಲು ಕಡೀಗೆ ಬೀಸ್ತದಂತೆ." ಮುದುಕ ಹಿತ್ತಲ ಕಡೆ ಕೈ ತೋರಿಸಿದ. "ಇತ್ಲಲ್ಲಿ ತಿಪ್ಪೆಗುಂಡಿ ಅದಲ್ಲ. ಅದಕ್ ಆಕಿ ಮೇಲೆ ಬೂದಿ ಎಳೀಬೇಕಂತೆ."

"ಊರೋರ್ ಗುಂಡಿನೆಲ್ಲ ತೋಡ್ದೋನು ನೀನು. ನಿನ್ ಮಗನ್ನ ತಿಪ್ಪೇಗ್ ಆಕು ಅಂತೀಯಾ?"

"ನಾನ್ ಏಳ್ತಿಲ್ಲ ಮಗ. ಗೌಡ್ರು ಏಳ್ತಾವ್ರೆ."

ಮಂಚಮ್ಮ ಅವನನ್ನು ನೋಡಿದಳು. "ಗೌಡ್ರು ಏಳ್ದಂಗೇ ಮಾಡುದ್ಲು ಅಂತ ಏಳು, ಓಗು" ಎಂದು ಬಾಗಿಲು ಹಾಕಿಕೊಂಡಳು.

ಪಟೇಲರ ಹಾರೆ, ಪಟೇಲರ ಗುದ್ದಲಿ. ಕೊಟ್ಟಿಗೆಯ ಮೂಲೆಯಲ್ಲೇ ಇದ್ದವು. ತೊಟ್ಟಿಯ ನಡುವೆ, ದೇವರ ಕೋಣೆಗೆ ಎದುರಾಗಿ, ಒಂದು ಚಪ್ಪಡಿಯ ಸಂದಿಗೆ ಹಾರೆ ಹಾಕಿ ಮೈಭಾರವನ್ನೆಲ್ಲ ಬಿಟ್ಟು ಅದುಮಿದಳು. ಕಲ್ಲು ಅಲ್ಲಾಡಲಿಲ್ಲ. ಎದೆಗೆ ಹಾರೆ ಕೊಟ್ಟು ಮತ್ತೆ ಅದುಮಿದಳು. ಪಕ್ಕೆಯಲ್ಲಿ ಏನೋ ಚಳಕ್ ಎಂದಿತು, ಕಲ್ಲು ಎದ್ದಿತು. ಒಂದಾದ ಮೇಲೊಂದು ಕಲ್ಲು ಎಬ್ಬಿಸಿ ಪಕ್ಕಕ್ಕೆ ಉರುಳಿಸಿದಳು. ಒಳಗೆ ತೇವದ ಕಪ್ಪು ಮಣ್ಣು. ಗಂಡನೂ ಮಾವನೂ ತೋಡುವುದನ್ನು ನೋಡಿದ್ದಳು. ಮೊಣಕಾಲುದ್ದ ಆದ ಮೇಲೆ ಉಸಿರು ಹಿಡಿಯಬೇಕು, ಸೊಂಟದುದ್ದ ಆದ ಮೇಲೆ ಗುದ್ದಲಿಯನ್ನು ಗಿಡ್ಡಕ್ಕೆ ಹಿಡಿಯಬೇಕು. ಅಂಗೈ ಬೊಬ್ಬೆ ಎದ್ದು, ಒಡೆದು, ಗುದ್ದಲಿಯ ಹಿಡಿಗೆ ಅಂಟಿಕೊಂಡಿತು. ಮುದ್ದಮ್ಮ ಮಂಕರಿಯಲ್ಲಿ ಮಣ್ಣು ಹೊತ್ತು ಪಡಸಾಲೆಗೆ ಸುರಿದಳು.

"ಅವ್ವಾ, ಗೌಡ್ರು ಬಯ್ಯಕಿಲ್ವಾ?"

"ಬಯ್ಲಿ."

ಗೋಡೆಗೆ ಸುತ್ತಿ ಒರಗಿಸಿದ್ದ ಜಮಖಾನೆಯನ್ನು ಹಾಸಿದಳು. ಗೌಡರ ಮದುವೆಗಳಲ್ಲಿ ಬೀಗರು ಕೂರುವ ಜಮಖಾನೆ ಅದು. ಅದರೊಳಗೆ ಗಂಡನನ್ನು ಸುತ್ತಿ, ಭುಜಕ್ಕೆ ಕೈ ಹಾಕಿ ಎಳೆದು ಎಳೆದು ತಂದು, ದಕ್ಷಿಣಕ್ಕೆ ತಲೆ ಮಾಡಿ ಇಳಿಸಿದಳು. ತಾನೂ ಗುಂಡಿಗೆ ಇಳಿದು ಅವನ ಕಾಲು ನೆಟ್ಟಗೆ ಮಾಡಿದಳು. ಮಣ್ಣು ಮುಚ್ಚಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಆಗ ಅತ್ತಳು.

ಮಾರನೆಯ ದಿನ ಮುದುಕ ಜವರನ ಹೆಸರನ್ನು ಬಿಟ್ಟು ಕೂಗಿದ. ಅವಳು ಕೇಳಿದ ಮೊದಲ ಮಾತು, "ನಮ್ಮನ್ನ ಬುಡ್ತಾರಾ?"

"ಗಂಡಸಿನ್ ಜೀವ ಮೆತ್ತಗೆ ಅಂದ್ರು ಗೌಡ್ರು. ಎಂಗ್ಸು, ಮಗಾ ತಡ್ಕಂಡ್ರೆ ಮನೆ ಸರಿಯಾಯ್ತು ಅಂತ್ಲೇ ಅರ್ತ ಅಂದ್ರು. ಉಣ್ಣಿಮೆ ಗಂಟ ಇರೇಳು ಅಂದ್ರು. ಸಂಕ್ರಾಂತಿಗೆ ಮನೇಲಿರ್ಬೇಕಂತೆ ಅವ್ರು."

"ಮಗೀನಾದ್ರೂ ಕರ್ಕಂಡ್ ಓಗು. ನಾನಿರ್ತೀನಿ."

"ಕೇರಿಯೋರು ಒಪ್ಪಕಿಲ್ಲ ಕಣವ್ವ. ಬ್ಯಾನೆ ತತ್ತೀಯ ಅಂತ ನಂಗೇ ಬಾಗ್ಲು ಆಕವ್ರೆ. ಮರದಡೀಲೇ ಬಿದ್ದಿರ್ತೀನಿ." ಅದು ಸುಳ್ಳಲ್ಲ. ಕೇರಿಯವರಿಗೂ ಮಕ್ಕಳಿದ್ದವು. ಆದರೂ ಮಂಚಮ್ಮ ಅವರನ್ನು ಕ್ಷಮಿಸಲಿಲ್ಲ.

ಅಂದಿನಿಂದ ಅವಳು ಕೋಣೆ ಬದಲಿಸಲಿಲ್ಲ. ಮಗಳನ್ನು ಎದೆಗೆ ಅವುಚಿಕೊಂಡು ತೊಟ್ಟಿಯ ಅಂಚಿನಲ್ಲಿ, ಬಿಸಿಲು ಬೀಳುವಲ್ಲಿ ಮಲಗಿದಳು. ಮನೆಯ ಮೂಲೆ ಮೂಲೆ ಗುಡಿಸಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಕುಲದ ಪಟ್ಟಲಮ್ಮನಿಗೆ ಹರಕೆ ಹೊತ್ತಳು. ಇದೊಂದನ್ನು ಉಳಿಸಿಕೊಡು, ಇನ್ನೇನೂ ಕೇಳುವುದಿಲ್ಲ ಎಂದಳು. ಇನ್ನೇನು ಕೇಳಲು ಉಳಿದಿತ್ತು.

ಮುದ್ದಮ್ಮ ಒಂದು ಬೆಳಿಗ್ಗೆ ಬಾಗಿಲ ಹಿಂದೆ ಕಾದು ಕೂರಲು ಏಳಲಿಲ್ಲ. ಮೈ ಸುಡುತ್ತಿತ್ತು. ತೋಳು ಎತ್ತಿಸಿ ಕಂಕುಳು ಮುಟ್ಟಿದಾಗ ಮಗು ಕಿರುಚಿತು. ಗಡ್ಡೆ ಅಡಕೆಯಷ್ಟಿತ್ತು.

ಅದೇ ದಿನ ಸೂಜಿ ಡಾಕ್ಟರ ಜಟಕಾ ಬಂತು. ಕುದುರೆ ಗೆಜ್ಜೆಯ ಸದ್ದು ಕೇಳಿಸಿದ್ದೇ ತಡ, ಮಂಚಮ್ಮ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಗೆ ಓಡಿದಳು. ಮುದುಕ ಗುಡಿಸಲ ಕಡೆ ಹೋಗಿದ್ದ. ಕವಣೆ ಹುಡುಗರು ಎದ್ದು ನಿಂತರು.

"ಒಳಿಕ್ ಓಗಮ್ಮೀ! ಒಡೀತೀವಿ!"

"ಒಡೀರ್ಲಾ."

ಮೊದಲ ಕಲ್ಲು ನೆಲಕ್ಕೆ ಬಿತ್ತು. ಎರಡನೆಯದು ಅವಳ ಹುಬ್ಬಿಗೆ ಬಿತ್ತು. ರಕ್ತ ಕಣ್ಣಿಗೆ ಇಳಿಯಿತು. ಮಗುವಿಗೆ ತಾಕೀತೆಂದು ಹೆದರಿ ಅಲ್ಲೇ ಕೂತಳು. ಕೂತಲ್ಲಿಂದಲೇ ಹೊಲದ ಕಡೆ ಮುಖ ಮಾಡಿ ಕಿರುಚಿದಳು. "ಡಾಕ್ಟ್ರೇ! ನನ್ ಮಗೀಗೆ ಗಡ್ಡೆ ಎದ್ದದೆ! ಸೂಜಿ ಆಕಿ ನನ್ನಪ್ಪಾ! ಗಂಡ ಸತ್ತೋದ, ಇದೊಂದ್ ಉಳಿಸ್ಕೊಡಿ!"

ಗುಡಿಸಲ ಮುಂದೆ ಡಾಕ್ಟರು ಎಳನೀರು ಕುಡಿಯುತ್ತಿದ್ದರು. ಜಟಕಾ ಹೊಡೆಯುವ ಗಫಾರ್ ಕುದುರೆಯ ಹಗ್ಗ ಹಿಡಿದು ಊರ ಕಡೆಯೇ ನೋಡುತ್ತಿದ್ದ. "ಸ್ವಾಮಿ, ಆ ಹೆಂಗಸು ಏನೋ ಕೂಗ್ತಾವ್ಳೆ. ಬೆನ್ನಾಗೆ ಮಗ ಅದೆ" ಎಂದ.

ಡಾಕ್ಟರು ತಲೆಯೆತ್ತಿದರು. "ಊರಲ್ಲಿ ಯಾರಾದರೂ ಇದ್ದಾರೇನು ಪಟೇಲರೆ? ಹೊಸ ಕೇಸು ಏನಾದರೂ?"

ಸತ್ತ ಸುದ್ದಿ ಡಾಕ್ಟರ ಕಿವಿಗೆ ಬಿದ್ದರೆ ಊರಿಗೆ ಮತ್ತೆ ಬೀಗ. ಸಂಕ್ರಾಂತಿ ಹೊಲದಲ್ಲೇ. ಪಟೇಲರು ನಕ್ಕರು. "ಯಾರೂ ಇಲ್ಲ ಸ್ವಾಮಿ. ಅವ್ಳೊಬ್ಳು ಉಚ್ಚಿ. ಗಂಡ ಬುಟ್ಟವ್ನೆ. ದಿನಾ ಇಂಗೇ ಬಡ್ಕತಾಳೆ." ಅಲ್ಲೇ ನಿಂತಿದ್ದ ಚಿಕ್ಕಬೋರಯ್ಯನ ಕಡೆ ತಿರುಗಿದರು. "ಅಲ್ವೇನ್ಲಾ ಬೋರ?"

ಚಿಕ್ಕಬೋರಯ್ಯ ಬಾಯಿ ತೆರೆದ. ಬಾಯಿಂದ ಬಂದದ್ದು ಎಪ್ಪತ್ತು ವರ್ಷದಿಂದ ಬರುತ್ತಿದ್ದ ಮಾತೇ. "ಊ ಬುದ್ಧಿ."

ಜಟಕಾ ಹೊರಟಿತು. ಗಫಾರ್ ತಿರುಗಿ ತಿರುಗಿ ನೋಡುತ್ತ ಹೋದ. ಅವನ ನೋಟದಿಂದ ಗಡ್ಡೆ ಇಳಿಯಲಿಲ್ಲ.

ಒಳಕ್ಕೆ ತಂದು ಮಲಗಿಸಿದ ಮಗು ರಾತ್ರಿಯೆಲ್ಲ ಒದ್ದಾಡಿತು. "ಅವ್ವಾ, ನಮ್ಮಟ್ಟೀಗ್ ಓಗಾನ. ಇಲ್ಲಿ ಚಳಿ" ಎಂದಿತು. ಮಂಚಮ್ಮ ಶಿವನಂಜಮ್ಮನ ಪೆಟ್ಟಿಗೆ ಒಡೆದು ಇದ್ದ ಸೀರೆಗಳನ್ನೆಲ್ಲ ತಂದು ಹೊದಿಸಿದಳು. ಬೆಳಕು ಹರಿಯುವಾಗ ಚಳಿ ನಿಂತಿತು, ಮಗುವೂ ನಿಂತಿತು.

ಅವಳು ಅಳಲಿಲ್ಲ. ಕೂತು ಯೋಚಿಸಿದಳು. ಹೇಳಿದರೆ ತಿಪ್ಪೆಗುಂಡಿ ಅನ್ನುತ್ತಾರೆ. ಆಮೇಲೆ ಕೇರಿಯಿಂದ ಇನ್ನೊಂದು ಸಂಸಾರ ಕಳಿಸು ಅನ್ನುತ್ತಾರೆ. ಮುಂದಿನ ಪಾಳಿ ನಾಗಯ್ಯನದು. ನಾಗಯ್ಯನ ಹೆಂಡತಿಗೆ ಮೊಲೆ ಕುಡಿಯುವ ಕೂಸಿತ್ತು. ಅದನ್ನೂ 'ಮೂರನೆಯ ಥರ' ಎಂದು ತಂದು ಇಲ್ಲಿ ಮಲಗಿಸುತ್ತಾರೆ. ಮತ್ತೆ ಒಬ್ಬರು ಕೂಗುತ್ತಾರೆ, ಮತ್ತೆ ಒಬ್ಬರು ಓಡುತ್ತಾರೆ, ಮತ್ತೆ ಯಾವ ಕೋಣೆ ಎಂದು ಕೇಳುತ್ತಾರೆ.

"ಮಂಚೀ?" ಎಂದು ಮರದಡಿಯಿಂದ ಮುದುಕ ಕೂಗಿದ.

"ಇವ್ನಿ ಮಾವ."

ಅವನಿಗೆ ಕೇಳಲು ಭಯ. ಕೊನೆಗೆ ಕೇಳಿದ. "ಮುದ್ದೀ?"

ಮಂಚಮ್ಮ ಬಾಗಿಲ ಹಿಂದೆ ಮಗಳು ಕೂರುತ್ತಿದ್ದ ಜಾಗದಲ್ಲಿ ಕೂತಳು. ದನಿಯನ್ನು ಸಣ್ಣ ಮಾಡಿ, ಎಳೆದು, ಮಗಳು ಕೂಗುವ ಹಾಗೆಯೇ ಕೂಗಿದಳು. "ಇವ್ನಿ ತಾತಾ!"

ಮೊಮ್ಮಗಳ ದನಿ ತಾತನಿಗೆ ಗೊತ್ತಾಗದೆ ಇರುತ್ತದೆಯೆ? ಮುದುಕ ಮರಕ್ಕೆ ಹಣೆ ಕೊಟ್ಟು ನಿಂತಿರುವುದನ್ನು ಬಾಗಿಲ ಸಂದಿಯಿಂದ ಅವಳು ನೋಡಿದಳು. ಅವನು ತಿರುಗಿ, ಕವಣೆ ಹುಡುಗರಿಗೂ ಕೇಳುವ ಹಾಗೆ, ಹೊಲದ ಕಡೆಗೆ ಗಟ್ಟಿಯಾಗಿ ಕೂಗಿದ. "ಇಬ್ರೂ ಅವ್ರೆ! ಚೆನ್ನಾಗವ್ರೆ!"

ಚಿಕ್ಕಬೋರಯ್ಯ ಪಟೇಲರಿಗೆ ತಾನಾಗಿಯೇ ಹೇಳಿದ ಮೊದಲ ಸುಳ್ಳು ಅದು.

ಎರಡನೆಯ ಗುಂಡಿ ಚಿಕ್ಕದು. ಮಣ್ಣು ಹೊರುವವರು ಯಾರೂ ಇರಲಿಲ್ಲ. ಅಗೆದವಳೂ ಅವಳೇ, ಹೊತ್ತವಳೂ ಅವಳೇ. ಅಪ್ಪನ ಮಗ್ಗುಲಲ್ಲಿ ಮಗಳನ್ನು ಮಲಗಿಸಿ, ಮೇಲೆ ಸಗಣಿ ಸಾರಿಸಿದಳು. ಹುಣ್ಣಿಮೆಯವರೆಗೂ ದಿನಾ ಬೆಳಿಗ್ಗೆ ಎರಡು ದನಿಯಲ್ಲಿ ಓಗೊಟ್ಟಳು. ಅವಳಿಗೂ ಒಂದು ದಿನ ಮೈ ಬೆಚ್ಚಗಾಗಿತ್ತು, ಇಳಿಯಿತು. ಯಾಕೆ ತಾನೊಬ್ಬಳು ಉಳಿದೆ ಎಂದು ಪಟ್ಟಲಮ್ಮನನ್ನು ಬಾಯಿಗೆ ಬಂದಂತೆ ಬೈದಳು.

ಹುಣ್ಣಿಮೆಯ ಬೆಳಿಗ್ಗೆ ಗೌಡರ ಕೇರಿ ಊರಿಗೆ ಮರಳಿತು. ಮುಂದೆ ಅರಿಸಿನ ಹಚ್ಚಿದ ಹಸು. ಅದರ ಹಿಂದೆ ಹೊಲೆ ಮೈಲಿಗೆ ಕಳೆಯಲು ಆತಗೂರಿನಿಂದ ಕರೆಸಿದ ಜೋಯಿಸರು, ಕೈಯಲ್ಲಿ ಪುಣ್ಯಾಹದ ಚೊಂಬು. ಆಮೇಲೆ ಹಾಲಿನ ಪಾತ್ರೆ ಹಿಡಿದ ಶಿವನಂಜಮ್ಮ, ಪಟೇಲರು, ಟೋಪಿಯ ಲಿಂಗರಾಜು, ಬಂಧು ಬಳಗ. ಕೇರಿಯವರು ಬುಟ್ಟಿ, ಪಾತ್ರೆ, ಹೊರಸುಗಳನ್ನು ಹೊತ್ತು ಕೊನೆಯಲ್ಲಿ. ಕಟ್ಟಳೆಯಂತೆ ಮಂಚಮ್ಮ ಹಿತ್ತಲ ಬಾಗಿಲಿನಿಂದ ಆಗಲೇ ಹೋಗಿರಬೇಕಿತ್ತು.

ಪಟೇಲರು ಹೊಸ್ತಿಲ ಮೇಲೆ ಕಾಲಿಟ್ಟವರು ಅಲ್ಲೇ ನಿಂತರು. ತೊಟ್ಟಿಯ ಚಪ್ಪಡಿಗಳು ಎದ್ದು ಒಂದರ ಮೇಲೊಂದು ಬಿದ್ದಿದ್ದವು. ಪಡಸಾಲೆಯ ತುಂಬ ಮಣ್ಣು. ನಡುವೆ ಸಾರಿಸಿದ ಎರಡು ದಿಬ್ಬ, ಒಂದು ದೊಡ್ಡದು, ಒಂದು ಸಣ್ಣದು. ಅವುಗಳ ಹತ್ತಿರ ಹಣೆಯಲ್ಲಿ ಒಣಗಿದ ಗಾಯದ ಮಂಚಮ್ಮ ಕೂತಿದ್ದಳು.

"ಏನಮ್ಮೀ ಇದು? ಕಲ್ಲ್ ಯಾಕ್ ಕಿತ್ತಿದ್ದೀಯ?"

"ನನ್ ಗಂಡ ಇಲ್ಲವ್ನೆ. ಮಗಳು ಅವನ್ ಮಗ್ಗುಲಾಗವ್ಳೆ. ತಿಪ್ಪೇಗ್ ಆಕಕ್ಕೆ ನನ್ ಕೈ ಬರ್ನಿಲ್ಲ ಬುದ್ಧಿ."

ಶಿವನಂಜಮ್ಮನ ಕೈಯಿಂದ ಹಾಲಿನ ಪಾತ್ರೆ ಬಿತ್ತು. "ಅಯ್ಯೋ ನನ್ ದೇವ್ರ ಎದುರ್ಗೆ!" ಎಂದು ಎದೆ ಬಡಿದುಕೊಂಡಳು. ಜೋಯಿಸರು ಚೊಂಬಿನ ನೀರನ್ನು ಅಲ್ಲೇ ಚೆಲ್ಲಿ, ಇದಕ್ಕೆ ನನ್ನ ಹತ್ತಿರ ಮಂತ್ರವಿಲ್ಲ ಎಂದು ತಿರುಗಿ ನಡೆದರು.

"ಎಳ್ದಾಕ್ರೋ ಆ ಮುಂಡೇನ!" ಎಂದು ಪಟೇಲರು ಅರಚಿದರು.

ಎಳೆಯಬೇಕಾದರೆ ಮುಟ್ಟಬೇಕು. ಮುಟ್ಟಿದರೆ ಮೈಲಿಗೆ. ಮೈಲಿಗೆಯನ್ನು ಸ್ನಾನ ಮಾಡಿ ಕಳೆಯಬಹುದು, ಪ್ಲೇಗನ್ನು ಕಳೆಯಲಾಗುವುದಿಲ್ಲ. ಗೌಡರ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಗಿಲಾಚೆಯೇ ನಿಂತರು. ಹೊಡೆಯಲು ದೊಣ್ಣೆ ಎತ್ತಿದವನೊಬ್ಬ ಮಣ್ಣಿನ ದಿಬ್ಬ ನೋಡಿ ಇಳಿಸಿದ.

"ಅಪ್ಪಾ, ಮೊದಲು ಹೆಣ ತೆಗೆಸಿ" ಎಂದ ಲಿಂಗರಾಜು. ಅವನು ಟೋಪಿ ತೆಗೆದು ಮೂಗಿಗೆ ಹಿಡಿದುಕೊಂಡಿದ್ದ. "ಆಮೇಲೆ ಅವಳ ವಿಚಾರ."

"ಲೇ ಬೋರಾ!"

ಚಿಕ್ಕಬೋರಯ್ಯ ಹಿಂದಿನಿಂದ ಬಂದ. ತಲೆಯ ಮೇಲಿನ ಬುಟ್ಟಿ ಇಳಿಸಿದ. ಹಿಂದೊಂದು ಪ್ಲೇಗಿನಲ್ಲಿ ಮನೆ ಬೆಚ್ಚಗೆ ಮಾಡಲು ಹೆಂಡತಿಯ ಜೊತೆ ಒಮ್ಮೆ ದಾಟಿದ್ದ ಹೊಸ್ತಿಲು ಅದು. ಈಗ ಮತ್ತೆ ದಾಟಿದ.

"ಅಗಿ. ಎರಡ್ನೂ ತೆಗ್ದು ತಿಪ್ಪೇಗ್ ಆಕು. ಬಿರ್ರನೆ."

ಮುದುಕ ಗುದ್ದಲಿ ತೆಗೆದುಕೊಂಡ. ಮಂಚಮ್ಮ ಎದ್ದು ಸಣ್ಣ ದಿಬ್ಬಕ್ಕೆ ಅಡ್ಡ ನಿಂತಳು. "ಮಾವ, ನನ್ ಮೇಲೆ ಆಕು ಮೊದ್ಲು" ಎಂದಳು. ಅವನು ಅವಳ ಮುಖ ನೋಡಲಿಲ್ಲ. ಅವಳನ್ನು ಬಳಸಿ ಆ ಕಡೆ ಹೋದ. ಮಗನ ದಿಬ್ಬದ ಇನ್ನೊಂದು ಮಗ್ಗುಲಲ್ಲಿ, ಕಲ್ಲು ಎದ್ದಿದ್ದ ಬರಿ ನೆಲದ ಮೇಲೆ ನಿಂತು, ಗುದ್ದಲಿ ಎತ್ತಿ ಹಾಕಿದ. ಎಷ್ಟೋ ಜನರಿಗೆ ತೋಡಿದ ಕೈ. ಪೆಟ್ಟು ಒಂದೂ ತಪ್ಪಲಿಲ್ಲ.

"ಅಲ್ಲಲ್ಲ ಕಣ್ಲಾ ಮುದಿಯ! ಕಣ್ ಕಾಣಕಿಲ್ವಾ? ಇತ್ಲಾಗೆ ಅಗಿ!"

"ಕಾಣ್ತದೆ ಬುದ್ಧಿ."

"ಮತ್ತೆ ಯಾರಿಗ್ಲಾ ಅದು?"

"ನಂಗೆ."

ಗುದ್ದಲಿ ಮತ್ತೆ ಬಿತ್ತು. ಬಾಗಿಲಾಚೆ ನಾಗಯ್ಯ ಹೊತ್ತಿದ್ದ ಹೊರಸನ್ನು ದಾರಿಯಲ್ಲೇ ಇಳಿಸಿದ. ಅವನ ಹಿಂದಿನವರೂ ಹೊರೆ ಇಳಿಸಿದರು.

"ಡಾಕ್ಟ್ರ ಮುಂದೆ ಊ ಅಂದುಬುಟ್ಟೆ" ಎಂದ ಚಿಕ್ಕಬೋರಯ್ಯ, ಅಗೆಯುತ್ತಲೇ, ಯಾರಿಗೋ ಎಂಬಂತೆ. ಆಮೇಲೆ ಸೊಂಟ ನೇರ ಮಾಡಿ ಪಟೇಲರನ್ನು ನೆಟ್ಟಗೆ ನೋಡಿದ. ಹಾಗೆ ನೋಡಿದ್ದು ಅದೇ ಮೊದಲು.

"ಇನ್ನೊಂದ್ಸಲ ಇಲಿ ಬಿದ್ರೆ ನಮ್ಮೋರ್ನ ಕರೀಬ್ಯಾಡಿ ಬುದ್ಧಿ. ಮನೆ ಕಾಲಿ ಇಲ್ಲ."

ಮಂಚಮ್ಮ ಮಂಕರಿ ತಂದು ಅವನ ಪಕ್ಕದಲ್ಲಿಟ್ಟಳು. ಮಣ್ಣು ತುಂಬಿತು. ಎತ್ತಿ ತಲೆಯ ಮೇಲಿಟ್ಟುಕೊಂಡು ಬಾಗಿಲಿಗೆ ನಡೆದಳು. ಗೌಡರ ಕೇರಿಯವರು ದಡಬಡ ಹಿಂದೆ ಸರಿದರು. ಅವರು ನಿಂತಿದ್ದ ಜಾಗದಲ್ಲಿ ಮಣ್ಣು ಸುರಿದು, ಇನ್ನೊಂದು ಮಂಕರಿ ತರಲು ಒಳಗೆ ಹೋದಳು.